ನದಿದಂಡೆಯ ದೋಣಿಮನೆ: ವಿನ್ಯಾಸ ಮತ್ತು ಲೆಕ್ಕಪತ್ರ

ಗದಗ-ಬೆಟಗೇರಿ ನಗರಕ್ಕೆ ನದಿಯಿಲ್ಲದಿದ್ದರೂ ಶಿರಹಟ್ಟಿ ಹಾಗೂ ಮುಂಡರಗಿ ತಾಲ್ಲೂಕುಗಳ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹಮ್ಮಿಗಿಯ ಬಳಿ ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜಿನಲ್ಲಿ ವಿಶಾಲ ಜಲರಾಶಿಯೂ ನಿಲ್ಲುತ್ತದೆ. ಇಂತಹ ನದಿದಂಡೆಯಲ್ಲಿ ದೋಣಿವಿಹಾರದ ಉದ್ದಿಮೆಗೆ ಬಂಡವಾಳ ತೊಡಗಿಸಬಯಸುವ ವರ್ತಕ ಬಾಂಧವರು ದೋಣಿಮನೆಯನ್ನು ಗೋದಾಮಿನಂತೆ ಕಲ್ಪಿಸಿಕೊಳ್ಳಬಾರದು.

ನದಿಯ ಮಟ್ಟ ಏರಿಳಿಯುತ್ತಲೇ ಇರುತ್ತದೆ. 2019ರ ಆಗಸ್ಟ್ ಪ್ರವಾಹದಲ್ಲಿ ಇದೇ ನದಿಯ ದಂಡೆಯ ಹಂಪಿಯ ಕೆಲವು ಸ್ಮಾರಕಗಳು ಮುಳುಗಿದ್ದವು. ನಮ್ಮ ಹರಿಗೋಲು ಈ ಚಲನೆಯನ್ನು ಬಲ್ಲದು: ಹಗುರವಾಗಿ ತೇಲುತ್ತದೆ, ಕೆಲಸ ಮುಗಿದೊಡನೆ ದಡಕ್ಕೇರುತ್ತದೆ. ದೋಣಿಮನೆಯ ವಿನ್ಯಾಸಕ್ಕೂ ಇದೇ ಸೂತ್ರ: ಚಲಿಸುವ ಭಾಗ ನೀರಿನೊಡನೆ ಏರಿಳಿಯಲಿ, ಸ್ಥಿರ ಭಾಗ ಪ್ರವಾಹಮಟ್ಟದ ಮೇಲಿರಲಿ.

1. ತೇಲುವ ಜೆಟ್ಟಿಯು ಮಾರ್ಗದರ್ಶಕ ಕಂಬಗಳ ಆಸರೆಯಲ್ಲಿ ಏರಿಳಿಯಬೇಕು. ದಡದಿಂದ ಜೆಟ್ಟಿಗೆ ಹೋಗುವ ಸೇತುವೆಯ ಒಂದು ತುದಿಗೆ ಕೀಲು, ಇನ್ನೊಂದಕ್ಕೆ ಉರುಳೆ ಅವಶ್ಯ.

2. ಕಟ್ಟಡದ ಕಂಬಗಳ ಸಾಲು ಹರಿವಿಗೆ ಸಮಾನಾಂತರವಾಗಿರಲಿ. ಅಡ್ಡಗೋಡೆ ಕಟ್ಟಿದರೆ ಕಸಕಡ್ಡಿ ಸಿಲುಕಿ ನೀರಿನ ಒತ್ತಡ ಹೆಚ್ಚುತ್ತದೆ.

3. ದೋಣಿಗಳನ್ನು ಇಳಿಜಾರಿನ ಮೇಲೆ ಎಳೆದುಕೊಳ್ಳಲು ರಾಟೆ, ಹಳಿಗಾಡಿ ಇರಬೇಕು. ವಿದ್ಯುತ್ ಫಲಕಗಳು ಎತ್ತರದಲ್ಲಿರಲಿ.

ಈ ವಿಂಗಡಣೆಯು ತೆರಿಗೆಯ ದೃಷ್ಟಿಯಿಂದಲೂ ಮಹತ್ವದ್ದು. ಸ್ವಂತಕ್ಕಾಗಿ ಕಟ್ಟಿಸಿದ ಸ್ಥಿರ ಕಟ್ಟಡಕ್ಕೆ ಜಿ.ಎಸ್.ಟಿ. ಕಾಯ್ದೆಯ ಕಲಂ 17(5)ರಂತೆ ಇನ್‌ಪುಟ್ ತೆರಿಗೆ ಜಮೆ ದೊರೆಯದು. 2024ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದು ಕೆಲವು ಕಟ್ಟಡಗಳ ಬಗ್ಗೆ ಆಶೆ ಮೂಡಿಸಿತ್ತು. 2025ರ ಹಣಕಾಸು ಕಾಯ್ದೆಯು 2017ರ ಜುಲೈ 1ರಿಂದಲೇ ಅನ್ವಯಿಸುವ ತಿದ್ದುಪಡಿಯಿಂದ ಆ ದಾರಿಯನ್ನು ಮುಚ್ಚಿತು. ಆದರೆ ತೆರಿಗೆಗೊಳಪಟ್ಟ ಪ್ರಯಾಣಿಕ ಸಾಗಣೆಗೆ ಬಳಸುವ ದೋಣಿಗಳಿಗೆ ಜಮೆ ಲಭ್ಯ. ಬಿಚ್ಚಿ ಒಯ್ಯಬಹುದಾದ ಜೆಟ್ಟಿಯನ್ನು ಕಟ್ಟಡದ ಗುತ್ತಿಗೆಯೊಳಗೆ ಸೇರಿಸಿ ಒಂದೇ ಬಿಲ್ಲು ಪಡೆದರೆ, ಅದು ಸ್ಥಿರಾಸ್ತಿಯಲ್ಲವೆಂದು ಅನಂತರ ಸಾಧಿಸುವುದು ಕಷ್ಟ. ಸವಕಳಿಯಲ್ಲೂ ಭೇದವುಂಟು: 1962ರ ಆದಾಯ ತೆರಿಗೆ ನಿಯಮಗಳು ವಾಣಿಜ್ಯ ಕಟ್ಟಡಕ್ಕೆ ಸಾಮಾನ್ಯವಾಗಿ ಶೇ. 10, ಒಳನಾಡು ಜಲಯಾನಗಳಿಗೆ ಶೇ. 20 ನಿಗದಿಪಡಿಸಿದ್ದವು.

ಆದ್ದರಿಂದ ಕಟ್ಟಡ, ಜೆಟ್ಟಿ, ದೋಣಿ ಇವುಗಳಿಗೆ ಪ್ರತ್ಯೇಕ ನಕ್ಷೆ, ಪ್ರತ್ಯೇಕ ದರಪಟ್ಟಿ, ಪ್ರತ್ಯೇಕ ಬಿಲ್ಲು ಪಡೆಯುವುದು ಲೇಸು. ಯಂತ್ರಚಾಲಿತ ದೋಣಿಗಳಿಗೆ 2021ರ ಒಳನಾಡು ಜಲಯಾನ ಕಾಯ್ದೆಯಂತೆ ತಪಾಸಣೆ, ನೋಂದಣಿ ಅಗತ್ಯ. ಎಲ್ಲಕ್ಕೂ ಮೊದಲು ದಂಡೆಯ ಬಳಕೆಗೆ ಸಂಬಂಧಪಟ್ಟ ಇಲಾಖೆಯ ಲಿಖಿತ ಅನುಮತಿ ಪಡೆದು, ಅದರ ಅವಧಿಯನ್ನು ನೋಡಿಯೇ ಬಂಡವಾಳದ ಮೊತ್ತ ನಿಶ್ಚಯಿಸತಕ್ಕದ್ದು. ಅನುಮತಿ ಮುಗಿದ ದಿನ ಜೆಟ್ಟಿಯನ್ನು ಬಿಚ್ಚಿ ಒಯ್ಯಬಹುದು, ಕಾಂಕ್ರೀಟನ್ನು ಒಯ್ಯಲಾಗದು.