ಮೂರನೆಯ ಚಕ್ರ ಮತ್ತು ಐವತ್ತೆರಡನೆಯ ಕಲಮು

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕಡೆಯ ಅನೇಕ ಮನೆಗಳ ಹಿತ್ತಿಲಲ್ಲಿ ಹಳೆಯ ಮೋಟಾರು ಸೈಕಲ್ಲೊಂದು ನಿಂತಿರುತ್ತದೆ. ಮಾರಿದರೆ ಮೋಡಕಾದ ಬೆಲೆ, ಇಟ್ಟುಕೊಂಡರೆ ತುಕ್ಕು. ಎಂಜಿನ್ನಿನಲ್ಲಿ ಮಾತ್ರ ಇನ್ನೂ ಜೀವವಿರುತ್ತದೆ. ಮನೆಯಲ್ಲಿ ನಡೆಯಲಾರದ ಹಿರಿಯರೋ, ಕಾಲಿಗೆ ಬಲವಿಲ್ಲದ ಮಗನೋ ಮಗಳೋ ಇದ್ದಾಗ, ಅಥವಾ ಎತ್ತು ಮಾರಿದ ಮೇಲೆ ಹೊಲಕ್ಕೆ ಗೊಬ್ಬರ ಸಾಗಿಸುವ ಚಿಂತೆ ಹತ್ತಿದಾಗ, ಯಾರಾದರೊಬ್ಬರ ಕಣ್ಣು ಆ ಎಂಜಿನ್ನಿನ ಮೇಲೆ ಬೀಳುತ್ತದೆ. ಹಿಂದಿನ ಚಕ್ರವನ್ನು ತೆಗೆದು ಉದ್ದನೆಯ ಅಚ್ಚೊಂದನ್ನು ಕೂಡಿಸಿ, ಅದರ ಎರಡು ತುದಿಗೆ ಎರಡು ಚಕ್ರಗಳನ್ನು ಹಾಕಿ, ಮೇಲೊಂದು ಆಸನವನ್ನೋ ಪೆಟ್ಟಿಗೆಯನ್ನೋ ಬಿಗಿದರೆ ಮೂರು ಚಕ್ರದ ಗಾಡಿ ಸಿದ್ಧ. ವೆಲ್ಡಿಂಗ್ ಅಂಗಡಿಯವನಿಗೆ ಅದು ಕೆಲವೇ ದಿನಗಳ ಕೆಲಸ. ಆದರೆ ಅಂಗಡಿಯ ಹೊಸ್ತಿಲು ದಾಟಿ ರಸ್ತೆಗೆ ಇಳಿದೊಡನೆ ಆ ಗಾಡಿ ಇಬ್ಬರು ಪರೀಕ್ಷಕರನ್ನು ಎದುರಿಸಬೇಕಾಗುತ್ತದೆ: ಒಬ್ಬ ಭೌತಶಾಸ್ತ್ರ, ಇನ್ನೊಬ್ಬ ಕಾನೂನು. ಇಬ್ಬರೂ ದಾಕ್ಷಿಣ್ಯವಿಲ್ಲದವರು.

ಈ ಕಸುಬು ಹೊಸದಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಬಿಟ್ಟುಹೋದ ಹಾರ್ಲೆ-ಡೇವಿಡ್‌ಸನ್ ಮೋಟಾರು ಸೈಕಲ್ಲುಗಳಿಗೆ ಹಿಂದೆ ಎರಡು ಚಕ್ರ ಮತ್ತು ಆಸನಗಳನ್ನು ಜೋಡಿಸಿ ದೆಹಲಿಯ ಜನರು ಬಾಡಿಗೆ ಗಾಡಿಗಳನ್ನಾಗಿ ಮಾಡಿಕೊಂಡಿದ್ದರು. ಅದರ ಸದ್ದಿನಿಂದಲೇ ‘ಫಟ್‌ಫಟಿಯಾ’ ಎಂಬ ಹೆಸರು ಬಂದಿತು. ಹಳೆಯ ದೆಹಲಿಗೂ ಕನ್ನಾಟ್ ಪ್ಲೇಸಿಗೂ ನಡುವೆ ದಶಕಗಳ ಕಾಲ ಓಡಿದ ಈ ಗಾಡಿಗಳು, 1990ರ ದಶಕದ ಕೊನೆಯಲ್ಲಿ ರಾಜಧಾನಿಯ ಹೊಗೆಯ ವಿರುದ್ಧ ಕೈಗೊಂಡ ಕ್ರಮಗಳಲ್ಲಿ ರಸ್ತೆಯಿಂದ ಮರೆಯಾದವು. ಸೌರಾಷ್ಟ್ರದಲ್ಲಿ ಮುಂದಿನರ್ಧ ಬುಲೆಟ್, ಹಿಂದಿನರ್ಧ ಬಂಡಿ ಎಂಬಂತಿದ್ದ ‘ಛಕಡೊ’ ಹಳ್ಳಿಹಳ್ಳಿಗೂ ಜನರನ್ನು ಹೊತ್ತಿತು. ಅದರ ಕಥೆ ಬೇರೆ ದಾರಿ ಹಿಡಿಯಿತು. ಕಾಲಕ್ರಮದಲ್ಲಿ ಅದು ಕಾರ್ಖಾನೆಯ ವಾಹನವಾಯಿತು, ರಾಜಕೋಟೆಯಲ್ಲಿ ಅದರಿಂದಲೇ ಒಂದು ಉದ್ಯಮ ಬೆಳೆಯಿತು.

ನಮ್ಮ ಒಣಬೇಸಾಯದ ಸೀಮೆಗೆ ಹೆಚ್ಚು ಹತ್ತಿರವಾದುದು ಅದೇ ಗುಜರಾತಿನ ಅಮ್ರೇಲಿ ಜಿಲ್ಲೆಯ ಕಥೆ. ಮೋಟಾ ದೇವಳಿಯಾ ಎಂಬ ಹಳ್ಳಿಯ ಮನಸುಖಭಾಯಿ ಜಗಾನಿ ಹೆಚ್ಚು ಓದಿದವರಲ್ಲ. ಯಂತ್ರಗಳ ರಿಪೇರಿ ಬಲ್ಲವರು. ಬರದಿಂದ ಮೇವು ದುರ್ಲಭವಾಗಿ ಎತ್ತು ಸಾಕುವುದು ಕಷ್ಟವಾಗಿದ್ದ ಕಾಲದಲ್ಲಿ, 1994ರಲ್ಲಿ, ಅವರು ಎನ್‌ಫೀಲ್ಡ್ ಮೋಟಾರು ಸೈಕಲ್ಲಿನ ಹಿಂದಿನ ಚಕ್ರವನ್ನು ಕಳಚಿ ಅಲ್ಲಿ ಎರಡು ಚಕ್ರಗಳನ್ನೂ ಬೇಸಾಯದ ಸಲಕರಣೆಗಳನ್ನು ಸಿಕ್ಕಿಸುವ ಅಡ್ಡಪಟ್ಟಿಯನ್ನೂ ಕೂಡಿಸಿದರು. ಎಂಜಿನ್ನಿನ ಜಾಗಕ್ಕೆ 5.5 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಬಂದಿತು. ಇದೇ ‘ಬುಲೆಟ್ ಸಾಂತಿ’. ಸಾಂತಿಯೆಂದರೆ ಎತ್ತುಗಳಿಗೆ ಕಟ್ಟುವ ಸಾಂಪ್ರದಾಯಿಕ ಸಾಧನ. ನಮ್ಮಲ್ಲಿ ಕುಂಟೆ, ಕೂರಿಗೆ, ಎಡೆಕುಂಟೆ ಮಾಡುವ ಕೆಲಸವನ್ನೆಲ್ಲ ಅದು ಮಾಡುತ್ತದೆ. ಎರಡು ಲೀಟರ್ ಡೀಸೆಲ್‌ನಲ್ಲಿ, ಅರ್ಧ ಗಂಟೆಯೊಳಗೆ, ಒಂದು ಎಕರೆ ಹರಗಿ ಮುಗಿಸುವ ಈ ಯಂತ್ರಕ್ಕೆ ಭಾರತದಲ್ಲಿಯೂ ಅಮೆರಿಕದಲ್ಲಿಯೂ ಪೇಟೆಂಟ್ ದೊರೆತಿದೆ. ಸಲಕರಣೆ ಕಳಚಿ ಹಿಂದಿನ ಚಕ್ರ ಜೋಡಿಸಿದರೆ ಗಾಡಿ ಮತ್ತೆ ಮೋಟಾರು ಸೈಕಲ್ಲೇ ಆಗುತ್ತದೆಂಬುದು ಅದರ ಜಾಣತನ. ಆ ಜಾಣತನದ ಕಾನೂನಿನ ಬೆಲೆ ಮುಂದೆ ತಿಳಿಯುತ್ತದೆ.

ಮೊದಲು ಭೌತಶಾಸ್ತ್ರದ ಮಾತು. ಪ್ರೌಢಶಾಲೆಯ ಮಕ್ಕಳು ‘ಗುರುತ್ವ ಕೇಂದ್ರ’ ಎಂದು ಓದುವ ಪಾಠ ಇಲ್ಲಿ ಹೊಟ್ಟೆಪಾಡಿನ ಪಾಠವಾಗುತ್ತದೆ. ದ್ವಿಚಕ್ರ ವಾಹನ ತಿರುವಿನಲ್ಲಿ ಒಳಕ್ಕೆ ವಾಲಿ ತನ್ನನ್ನು ತಾನೇ ಸಂಭಾಳಿಸಿಕೊಳ್ಳುತ್ತದೆ. ಬಿಗಿಯಾದ ಅಚ್ಚಿನ ಮೂರು ಚಕ್ರದ ಗಾಡಿಗೆ ವಾಲಲು ಬಾರದು. ಮೂರು ಚಕ್ರಗಳು ನೆಲ ಮುಟ್ಟುವ ಬಿಂದುಗಳನ್ನು ಗೆರೆಯಿಂದ ಸೇರಿಸಿದರೆ ಒಂದು ತ್ರಿಕೋನವಾಗುತ್ತದೆ. ಗಾಡಿಯ ಭಾರದ ಒತ್ತು ಆ ತ್ರಿಕೋನದ ಒಳಗೆ ಇರುವವರೆಗೆ ಗಾಡಿ ನಿಲ್ಲುತ್ತದೆ, ಹೊರಗೆ ಹೋದರೆ ಮಗುಚುತ್ತದೆ. ತ್ರಿಕೋನ ಮುಂದಕ್ಕೆ ಹೋದಂತೆ ಕಿರಿದಾಗುವುದರಿಂದ ತಿರುವಿನ ನಡುವೆ ಬ್ರೇಕ್ ಹಾಕುವುದು ಅತ್ಯಂತ ಅಪಾಯಕರ: ಆಗ ಭಾರವೆಲ್ಲ ಮುಂದಕ್ಕೆ, ಅಂದರೆ ಕಿರಿದಾದ ತುದಿಗೆ ನುಗ್ಗುತ್ತದೆ. ಪೆಟ್ಟಿಗೆಯನ್ನು ಎತ್ತರಕ್ಕೆ ಕಟ್ಟಿದಷ್ಟೂ, ಅದರೊಳಗೆ ನಿಂತವರು ಹೆಚ್ಚಿದಷ್ಟೂ ಮಗುಚುವ ವೇಗ ಕಡಿಮೆಯಾಗುತ್ತ ಬರುತ್ತದೆ. ಸಂತೆಯ ದಿನ ಜನರನ್ನು ನಿಲ್ಲಿಸಿಕೊಂಡು ಹೋಗುವ ಇಂಥ ಗಾಡಿಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯ ತೊಡಕು ಅಚ್ಚಿನದು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಉರುಳಬೇಕು. ಎರಡನ್ನೂ ಒಂದೇ ಗಟ್ಟಿ ಸರಳಿಗೆ ಬಿಗಿದು ಚೈನಿನಿಂದ ತಿರುಗಿಸಿದರೆ ಒಂದು ಟಯರು ನೆಲಕ್ಕೆ ಉಜ್ಜುತ್ತ ಸಾಗುತ್ತದೆ, ಗಾಡಿ ಹ್ಯಾಂಡಲ್ ತಿರುಗಿಸಿದ ಕಡೆಗೆ ಹೋಗದೆ ನೇರಕ್ಕೇ ಎಳೆಯುತ್ತದೆ. ಕಾರಿನಲ್ಲಿ, ಆಟೋರಿಕ್ಷಾದಲ್ಲಿ ಈ ವ್ಯತ್ಯಾಸವನ್ನು ಹೊಂದಿಸುವುದಕ್ಕೆಂದೇ ಡಿಫರೆನ್ಷಿಯಲ್ ಇರುತ್ತದೆ. ಮನೆಗೆಲಸದ ಗಾಡಿಗಳಲ್ಲಿ ಕೆಲವರು ಮೋಡಕಾದಿಂದ ಅದನ್ನು ತಂದು ಕೂಡಿಸುತ್ತಾರೆ. ಕೆಲವರು ಒಂದೇ ಚಕ್ರಕ್ಕೆ ಎಂಜಿನ್ನಿನ ಬಲ ಕೊಟ್ಟು ಇನ್ನೊಂದನ್ನು ಬೇರಿಂಗಿನ ಮೇಲೆ ಸಡಿಲ ಬಿಡುತ್ತಾರೆ. ಎರಡನೆಯದು ಅಗ್ಗ. ಆದರೆ ವೇಗ ಹೆಚ್ಚಿಸಿದಾಗಲೆಲ್ಲ ಗಾಡಿ ಒಂದು ಪಕ್ಕಕ್ಕೆ ಎಳೆಯುವುದನ್ನು ಸವಾರ ಸಹಿಸಿಕೊಳ್ಳಬೇಕು. ಹಿಂದಿನ ಎರಡು ಬ್ರೇಕುಗಳು ಸಮನಾಗಿ ಹಿಡಿಯದಿದ್ದರೂ ಇದೇ ಪಾಡು. ಇನ್ನು, ಓಡುವಾಗ ಎದುರು ಬರುವ ಗಾಳಿಯಿಂದ ತಣಿಯಲೆಂದು ಮಾಡಿದ ಎಂಜಿನ್ನು, ಭಾರ ಹೊತ್ತು ನಿಧಾನವಾಗಿ ತೆವಳುವಾಗ ಕಾದು ಕೆಂಡವಾಗುತ್ತದೆ. ಕ್ಲಚ್ಚಿನ ಗತಿಯನ್ನು ಹೇಳುವುದೇ ಬೇಡ.

ಎರಡು ಚಕ್ರದ ಗಾಡಿಯಲ್ಲಿ ಪಳಗಿದವನೇ ಮೂರು ಚಕ್ರದ ಮೇಲೆ ಮೊದಲು ತಪ್ಪುತ್ತಾನೆಂಬುದು ವಿಚಿತ್ರವಾದರೂ ನಿಜ. ತಿರುವು ಬಂದೊಡನೆ ಅವನ ಮೈ ತಾನಾಗಿ ಗಾಡಿಯನ್ನು ವಾಲಿಸಲು ಹವಣಿಸುತ್ತದೆ. ಗಾಡಿ ವಾಲುವುದಿಲ್ಲ, ಚರಂಡಿಯ ಕಡೆಗೆ ಹೋಗುತ್ತದೆ.

ಈಗ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಸಾರ ಇಷ್ಟು: ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವ ಹಾಗೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸಕೂಡದು. ಕೇರಳದ ನಿಯಮಗಳ ಆಧಾರದಲ್ಲಿ ವಾಹನದ ರಚನೆಯನ್ನು ಬದಲಿಸಬಹುದೆಂದು ಅಲ್ಲಿನ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ ಹೇಳಿತ್ತು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆ ಸಲ್ಲದೆಂದು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯು 182ಎ ಕಲಮನ್ನು ಹೊಸದಾಗಿ ಬದಲಿಸಿ ಬರೆಯಿತು: ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ‘ಪ್ರತಿಯೊಂದು ಮಾರ್ಪಾಡಿಗೆ’ ಎಂಬ ಮಾತನ್ನು ಮರೆಯಬಾರದು.

‘ಇದು ಬಂಡಿ, ಮೋಟಾರು ವಾಹನವೇ ಅಲ್ಲ’ ಎಂಬ ವಾದವೂ ನಿಲ್ಲುವುದಿಲ್ಲ. ಉತ್ತರ ಭಾರತದ ಹಳ್ಳಿಗಳಲ್ಲಿ ಬಂಡಿಗೆ ನೀರೆತ್ತುವ ಡೀಸೆಲ್ ಎಂಜಿನ್ ಕೂಡಿಸಿದ ‘ಜುಗಾಡ್’ ಕೂಡ ಮೋಟಾರು ವಾಹನವೇ ಎಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ತೀರ್ಪಿತ್ತಿದೆ. ಮೋಟಾರು ವಾಹನವೆಂದ ಮೇಲೆ ನೋಂದಣಿ ಬೇಕು, ಚಾಲನಾ ಪರವಾನಗಿ ಬೇಕು, ಮೂರನೆಯ ವ್ಯಕ್ತಿಯ ವಿಮೆ ಬೇಕು. ಸಂಸಾರಗಳು ಮುರಿದುಬೀಳುವುದು ಈ ಕೊನೆಯ ಮಾತಿನಲ್ಲಿ. ಅಪಘಾತದಲ್ಲಿ ದಾರಿಹೋಕನೊಬ್ಬ ಸತ್ತರೆ ಅವನ ಕುಟುಂಬಕ್ಕೆ ನ್ಯಾಯಮಂಡಳಿ ವಿಧಿಸುವ ಪರಿಹಾರವನ್ನು, ವಿಮೆಯಿಲ್ಲದ ಗಾಡಿಯಾದರೆ, ಮಾಲೀಕನೇ ತೆರಬೇಕು. ವಿಮೆಯಿದ್ದರೂ, ತಾನು ವಿಮೆ ಮಾಡಿದ್ದು ದ್ವಿಚಕ್ರ ವಾಹನಕ್ಕೆಂದು ಕಂಪನಿ ತಕರಾರು ತೆಗೆಯಬಹುದು. ಮೊದಲು ಪರಿಹಾರ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲು ನ್ಯಾಯಾಲಯ ಕಂಪನಿಗೆ ಅವಕಾಶ ಕೊಡುವುದೂ ಉಂಟು. ಹಿತ್ತಿಲಿನ ಹಳೆಯ ಗಾಡಿಯಿಂದ ಉಳಿಸಿದ ಹಣಕ್ಕೆ ಹೊಲವೇ ಅಡವಾಗುತ್ತದೆ. ಜಗಾನಿಯವರ ಸಾಂತಿಯ ಜಾಣತನ ಇಲ್ಲಿ ಅರ್ಥವಾಗುತ್ತದೆ: ಸಲಕರಣೆಯ ಕೆಲಸ ಹೊಲದೊಳಗೆ, ರಸ್ತೆಗೆ ಇಳಿಯುವಾಗ ಮತ್ತೆ ಎರಡೇ ಚಕ್ರ. ಎಂಜಿನ್ನನ್ನೇ ಬದಲಿಸಿದ ಗಾಡಿಗೆ ಅಷ್ಟರಿಂದಲೇ ಪೂರ್ಣ ರಕ್ಷಣೆ ಸಿಕ್ಕದು, ಎಂಜಿನ್ ಬದಲಿಗೂ ಅನುಮೋದನೆ ಬೇಕು.

ಇಷ್ಟೆಲ್ಲ ಮುಚ್ಚಿದ ಬಾಗಿಲುಗಳ ನಡುವೆ ಒಂದು ಬಾಗಿಲು ತೆರೆದಿದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. 52ನೆಯ ಕಲಮಿನ ಎರಡನೆಯ ಉಪಕಲಮು, 2019ರಲ್ಲಿ ತಿದ್ದಿದ ರೂಪದಲ್ಲಿ, ತನ್ನ ವಾಹನವನ್ನು ‘ಅಳವಡಿಸಿದ ವಾಹನ’ವಾಗಿ ಮಾರ್ಪಡಿಸಲು ಮಾಲೀಕನಿಗೆ ಅವಕಾಶ ಕೊಡುತ್ತದೆ. ಅಂಗವೈಕಲ್ಯವುಳ್ಳ ವ್ಯಕ್ತಿಯ ಬಳಕೆಗೆಂದು ರಚಿಸಿದ ಅಥವಾ ಬದಲಿಸಿದ, ಆ ವ್ಯಕ್ತಿಯಿಂದಲೇ ಅಥವಾ ಆ ವ್ಯಕ್ತಿಗಾಗಿಯೇ ಬಳಕೆಯಾಗುವ ವಾಹನ ಎಂಬುದು ಅದರ ಅರ್ಥ. ಕೇಂದ್ರ ಸರ್ಕಾರ ಗೊತ್ತುಪಡಿಸಿದ ಷರತ್ತುಗಳನ್ನು ಪಾಲಿಸಬೇಕು; ಬದಲಾವಣೆಯ ತರುವಾಯ ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆಯಬೇಕು. ಚಾಲನಾ ಪರವಾನಗಿಯಲ್ಲಿಯೂ ಇಂಥ ವಾಹನಕ್ಕೆ ಪ್ರತ್ಯೇಕ ವರ್ಗವಿದೆ. ‘ಆ ವ್ಯಕ್ತಿಗಾಗಿಯೇ’ ಎಂಬ ಪದದ ಬಿಗಿಯನ್ನು ಮಾತ್ರ ಗಮನಿಸಬೇಕು: ನಡೆಯಲಾರದ ಮಗಳನ್ನು ಕನ್ನಡ ಶಾಲೆಗೆ ಕರೆದೊಯ್ಯಲು ತಂದೆ ಮಾಡಿಸಿದ ಗಾಡಿ ಇದರೊಳಗೆ ಬರಬಲ್ಲದು. ಅದೇ ಗಾಡಿಯಲ್ಲಿ ಓಣಿಯ ಎಂಟು ಮಕ್ಕಳನ್ನು ತಿಂಗಳ ಬಾಡಿಗೆಗೆ ಸಾಗಿಸಿದರೆ ಆ ರಕ್ಷಣೆ ಹೊರಟುಹೋಗುತ್ತದೆ.

ಸ್ಕೂಟರಿನ ಎರಡು ಪಕ್ಕಕ್ಕೆ ಸಣ್ಣ ಚಕ್ರಗಳನ್ನು ಕೂಡಿಸಿದ ಗಾಡಿಗಳು ಈ ವರ್ಗದಲ್ಲಿ ಸಾಮಾನ್ಯ. ಅವುಗಳಲ್ಲಿ ಒಂದು ಕೊರತೆಯನ್ನು ಕೊಳ್ಳುವವರೇ ಪರೀಕ್ಷಿಸಿ ನೋಡಬೇಕು. ಪಕ್ಕದ ಚಕ್ರಗಳಿಗೆ ಸ್ಪ್ರಿಂಗ್ ಇಲ್ಲದೆ ಬಿಗಿಯಾಗಿದ್ದರೆ, ರಸ್ತೆಯ ಉಬ್ಬಿನ ಮೇಲೆ ಅವೇ ಭಾರ ಹೊತ್ತು ನಡುವಿನ ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ. ಎಂಜಿನ್ನಿನ ಬಲವೂ ಹಿಂದಿನ ಬ್ರೇಕೂ ಇರುವುದು ಆ ನಡುವಿನ ಚಕ್ರದಲ್ಲಿಯೇ.

ಆದ್ದರಿಂದ ಅನುಕ್ರಮ ಮುಖ್ಯ. ವೆಲ್ಡಿಂಗ್ ಅಂಗಡಿಗಿಂತ ಮೊದಲು ಆರ್‌ಟಿಒ ಕಚೇರಿಗೆ ಹೋಗಿ, ಅಂಗವೈಕಲ್ಯದ ಪ್ರಮಾಣಪತ್ರ ಮತ್ತು ನೋಂದಣಿ ಪತ್ರ ತೋರಿಸಿ, ಯಾವ ಬಗೆಯ ಜೋಡಣೆಗೆ ಅನುಮೋದನೆ ಸಿಗುತ್ತದೆಂದು ಕೇಳಿ ಬರೆದುಕೊಳ್ಳುವುದು ಲೇಸು. ನಿಗದಿತ ನಮೂನೆಗಳು ರಾಜ್ಯದ ಭಾಷೆಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತವೆ. ಆದರೆ ಕೆಲಸ ವಿಳಂಬವಾಗಿ, ಅಥವಾ ಕಾರಣ ಹೇಳದೆ ನಿರಾಕರಿಸಿದಾಗ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಸಂವಿಧಾನದ 350ನೆಯ ಅನುಚ್ಛೇದದಲ್ಲಿದೆ. ಗಡಿಯಾಚೆಯ ಕನ್ನಡಿಗರು ಈ ಹಕ್ಕನ್ನು ಬಳಸುವುದು ಕಡಿಮೆ. ಕನ್ನಡದಲ್ಲಿ ಬರೆದುಕೊಟ್ಟು ಸ್ವೀಕೃತಿಯ ಮೊಹರು ಪಡೆದಿಟ್ಟುಕೊಳ್ಳಬೇಕು. ಮಾರ್ಪಾಡಿನ ತರುವಾಯ ವಿಮಾ ಕಂಪನಿಗೂ ಬರಹದಲ್ಲಿ ತಿಳಿಸಬೇಕು.

ಪರಿಶೀಲನೆಯ ದಿನ ಇನ್‌ಸ್ಪೆಕ್ಟರು ಗಾಡಿಯ ಬಣ್ಣವನ್ನೋ ಆಸನವನ್ನೋ ನೋಡಿ ಒಪ್ಪುವುದಿಲ್ಲ. ಅವರು ಎಂಜಿನ್ ಸಂಖ್ಯೆಯನ್ನೂ ಚಾಸಿ ಸಂಖ್ಯೆಯನ್ನೂ ನೋಂದಣಿ ಪತ್ರದೊಡನೆ ಹೋಲಿಸುತ್ತಾರೆ. ಹೆಚ್ಚಿನ ಮೋಟಾರು ಸೈಕಲ್ಲುಗಳಲ್ಲಿ ಚಾಸಿ ಸಂಖ್ಯೆ ಹ್ಯಾಂಡಲಿನ ಬುಡದ ಕೊಳವೆಯ ಮೇಲೆ ಒತ್ತಿರುತ್ತದೆ. ತುಕ್ಕು ಉಜ್ಜುವ ಭರದಲ್ಲಿ ಅದನ್ನು ಗ್ರೈಂಡರಿನಿಂದ ಅಳಿಸಿಬಿಟ್ಟರೆ, ಯಾವ ಕಲಮೂ ನೆರವಿಗೆ ಬಾರದು. ಕೆಲಸ ಶುರುಮಾಡುವ ಮುನ್ನ ಆ ಜಾಗದ ಮೇಲೆ ದಪ್ಪನೆಯ ಟೇಪೊಂದನ್ನು ಅಂಟಿಸಿ, ಅದನ್ನು ಮುಟ್ಟಬಾರದೆಂದು ವೆಲ್ಡಿಂಗ್‌ನವನಿಗೆ ಹೇಳಿಡಬೇಕು.