ಪದ ಗೊತ್ತು, ಪುಟ ಅರ್ಥವಾಗದು

ಕನ್ನಡವೊಂದೇ ಬಲ್ಲ ಅಜ್ಜಿಗೂ ‘ಚಾರ್ಜು’ ಎಂಬ ಪದ ಗೊತ್ತು. ಬಸ್ ಚಾರ್ಜು ಏರಿತೆಂದು ಗೊಣಗುತ್ತಾಳೆ, ಫೋನು ಚಾರ್ಜಿಗೆ ಹಾಕೆಂದು ಮೊಮ್ಮಗಳಿಗೆ ಹೇಳುತ್ತಾಳೆ. ಲಾಠಿ ಚಾರ್ಜು, ಚಾರ್ಜ್‌ಶೀಟುಗಳನ್ನು ಟಿವಿಯಲ್ಲಿ ಕೇಳಿದ್ದಾಳೆ. ಹೊಸ ತಹಶೀಲ್ದಾರರು ‘ಚಾರ್ಜ್ ತಗೊಂಡ್ರಂತೆ’ ಎಂದರೂ ಅವಳಿಗೆ ಅರ್ಥವಾಗುತ್ತದೆ. ಒಂದು ಇಂಗ್ಲಿಷ್ ಪದದ ಐದು ಬಳಕೆಗಳು ನಿಘಂಟು ತೆರೆಯದೆಯೇ ಕೈವಶವಾಗಿವೆ.

ಈಗ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರಿದ ಮೊಮ್ಮಗಳ ಮುಂದೆ ಇಂಗ್ಲಿಷ್ ಪತ್ರಿಕೆಯಲ್ಲಿ ಬರುವಂಥ ಒಂದು ಸಾಲು ಇಡೋಣ: ‘ದ ಮಿನಿಸ್ಟರ್ ಡಿಸ್‌ಮಿಸ್ಡ್ ದ ಚಾರ್ಜ್.’ ಒಂದೂ ಹೊಸ ಪದವಿಲ್ಲ. ಮಿನಿಸ್ಟರ್ ಎಂದರೆ ಮಂತ್ರಿ, ಡಿಸ್‌ಮಿಸ್ ಎಂದರೆ ಕೆಲಸದಿಂದ ತೆಗೆಯುವುದು. ಅಲ್ಲಿಗೆ, ಚಾರ್ಜಿನಲ್ಲಿದ್ದ ಯಾರನ್ನೋ ಮಂತ್ರಿಗಳು ಮನೆಗೆ ಕಳಿಸಿದರು ಎಂದುಕೊಂಡು ಹುಡುಗಿ ಮುಂದಿನ ಸಾಲಿಗೆ ಹೋಗುತ್ತಾಳೆ. ಆ ಸಾಲು ಹೇಳಿದ್ದು ಬೇರೆ: ಮಂತ್ರಿಗಳು ಆರೋಪವನ್ನು ತಳ್ಳಿಹಾಕಿದರು.

ಇಂಗ್ಲಿಷ್ ಓದು ಕಷ್ಟವಾದಾಗ ನಾವು ಸಾಮಾನ್ಯವಾಗಿ ಮಾಡುವುದು ಎರಡು ಕೆಲಸ. ಪದಪಟ್ಟಿ ತಂದು ಉರುಹೊಡೆಯುತ್ತೇವೆ, ಇಲ್ಲವೇ ಕಷ್ಟದ ಪುಸ್ತಕವೊಂದನ್ನು ಹಿಡಿದು ಗುದ್ದಾಡುತ್ತೇವೆ. ಎರಡರಿಂದಲೂ ಸಿಗುವ ಫಲ ಕಡಿಮೆ. ಸುಲಭದ ಪುಟಗಳನ್ನು ಹೇರಳವಾಗಿ ಓದುವವರೇ ಮುಂದೆ ಕಷ್ಟದ ಪುಟಗಳನ್ನೂ ಓದಬಲ್ಲವರಾಗುತ್ತಾರೆ. ಅದು ಹೇಗೆಂಬುದಕ್ಕೆ ಲೆಕ್ಕವೂ ಇದೆ, ದಾರಿಯೂ ಇದೆ.

ಎಷ್ಟು ಪದ ಬೇಕು?

ಪದಸಂಪತ್ತನ್ನು ಅಳೆಯುವವರು ‘ಪದಕುಟುಂಬ’ಗಳನ್ನು ಎಣಿಸುತ್ತಾರೆ. ಹೆಲ್ಪ್, ಹೆಲ್ಪ್ಡ್, ಹೆಲ್ಪರ್, ಹೆಲ್ಪ್‌ಫುಲ್ ಎಲ್ಲ ಸೇರಿ ಒಂದೇ ಕುಟುಂಬ. ನ್ಯೂಜಿಲೆಂಡಿನ ಭಾಷಾವಿಜ್ಞಾನಿ ಪಾಲ್ ನೇಷನ್ 2006ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಹೆಚ್ಚು ಬಳಕೆಯ ಮೊದಲ ಸಾವಿರ ಕುಟುಂಬಗಳೇ ಬರಹದ ಸುಮಾರು 80 ಶೇಕಡಾ ಜಾಗವನ್ನು ತುಂಬುತ್ತವೆ. ಎರಡನೆಯ ಸಾವಿರ ಸೇರಿಸುವುದು ಇನ್ನು ಎಂಟೊಂಬತ್ತು ಶೇಕಡಾ, ಮೂರನೆಯದು ಮೂರರಿಂದ ಐದು. ಕಾದಂಬರಿ, ಪತ್ರಿಕೆಗಳನ್ನು ಯಾರ ನೆರವೂ ಇಲ್ಲದೆ ಓದಲು ಎಂಟೊಂಬತ್ತು ಸಾವಿರ ಕುಟುಂಬಗಳು ಬೇಕಾಗುತ್ತವೆ.

ಇದರಲ್ಲಿ ಸಿಹಿಸುದ್ದಿಯೂ ಇದೆ, ಎಚ್ಚರಿಕೆಯೂ ಇದೆ. ಮೊದಲ ಎರಡು ಸಾವಿರಕ್ಕೆ ಪಟ್ಟ ಶ್ರಮಕ್ಕೆ ಬಡ್ಡಿ ಸಮೇತ ಪ್ರತಿಫಲ ಸಿಗುತ್ತದೆ. ಆಮೇಲೆ ಪ್ರತಿ ಸಾವಿರಕ್ಕೂ ಇಳುವರಿ ಕಡಿಮೆಯಾಗುತ್ತ ಹೋಗುತ್ತದೆ. ಹಾಗಾಗಿ ಅಡಿಪಾಯದ ಪದಗಳೇ ಗಟ್ಟಿಯಿಲ್ಲದವರು ಪ್ರವೇಶ ಪರೀಕ್ಷೆಯ ಗೈಡಿನಲ್ಲಿರುವ ಅಪರೂಪದ ಪದಗಳನ್ನು ಬಾಯಿಪಾಠ ಮಾಡುವುದು ತಳಪಾಯ ಹಾಕದೆ ತಾರಸಿಗೆ ಬಣ್ಣ ಬಳಿದಂತೆ. ಕಾಲೇಜು ಪಠ್ಯ ಓದುವವರಿಗೆ ಮಾತ್ರ ಒಂದು ಅಡ್ಡದಾರಿಯುಂಟು. ಆವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ‘ಅಕಾಡೆಮಿಕ್ ವರ್ಡ್ ಲಿಸ್ಟ್’ನಲ್ಲಿ ಇರುವುದು 570 ಕುಟುಂಬಗಳು. ಅನಲೈಜ್, ಡೇಟಾ, ಮೆಥಡ್ ತರಹದ ಈ ಪದಗಳು ಶೈಕ್ಷಣಿಕ ಬರಹದ ಸುಮಾರು ಹತ್ತು ಶೇಕಡಾ ಆಗುತ್ತವೆ. ಎರಡು ಸಾವಿರದ ನಂತರ ಮೊದಲು ಕೈ ಹಾಕಬೇಕಾದದ್ದು ಇವಕ್ಕೇ.

ಎಂಬತ್ತು ಶೇಕಡಾ ಯಾಕೆ ಸಾಲದು?

ನೂರಕ್ಕೆ ಎಂಬತ್ತು ಅಂಕ ಬಂದರೆ ಸಿಹಿ ಹಂಚುತ್ತೇವೆ. ಓದಿನಲ್ಲಿ ಎಂಬತ್ತು ಹೇಗಿರುತ್ತದೆ ನೋಡಿ:

‘ಬೆಳಿಗ್ಗೆ ಬೇಗ ಎದ್ದ ರಂಗಪ್ಪ ಗದ್ದೆಗೆ ಹೋಗಿ ತೊರಲೆ ನೋಡಿದ. ರಾತ್ರಿಯ ಮಿಂಗುರದಿಂದ ಅದು ಪೂರ್ತಿ ತೊಂಬಲಿತ್ತು. ಇನ್ನು ಜೊಬ್ಬೆ ಮಾಡದೆ ಅವನಿಗೆ ಬೇರೆ ದಾರಿಯೇ ಇರಲಿಲ್ಲ.’

ಇಪ್ಪತ್ತು ಪದಗಳಲ್ಲಿ ನಾಲ್ಕನ್ನು ನಾನೇ ಹುಟ್ಟಿಸಿದ್ದೇನೆ. ಉಳಿದ ಹದಿನಾರೂ ದಿನಬಳಕೆಯ ಕನ್ನಡವೇ ಆದರೂ ರಂಗಪ್ಪನಿಗೆ ಆದದ್ದು ಲಾಭವೋ ನಷ್ಟವೋ ತಿಳಿಯುವುದಿಲ್ಲ. ಈಗ ಮೂರು ಪದ ತಿದ್ದಿ ಒಂದನ್ನು ಮಾತ್ರ ಹಾಗೇ ಬಿಡೋಣ:

‘ಬೆಳಿಗ್ಗೆ ಬೇಗ ಎದ್ದ ರಂಗಪ್ಪ ಗದ್ದೆಗೆ ಹೋಗಿ ಪೈರು ನೋಡಿದ. ರಾತ್ರಿಯ ಮಳೆಯಿಂದ ಅದು ಪೂರ್ತಿ ತೊಂಬಲಿತ್ತು. ಇನ್ನು ಬದು ಕಡಿಯದೆ ಅವನಿಗೆ ಬೇರೆ ದಾರಿಯೇ ಇರಲಿಲ್ಲ.’

‘ತೊಂಬಲಿತ್ತು’ ಎಂದರೆ ಮುಳುಗಿತ್ತು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸುತ್ತಲಿನ ಪದಗಳೇ ಹೇಳಿಕೊಟ್ಟವು. ಹೊಸ ಪದ ಹೀಗೆ ತಾನಾಗಿ ಬಂದು ಸೇರಬೇಕಾದರೆ ಅದರ ಅಕ್ಕಪಕ್ಕದ ಪದಗಳೆಲ್ಲ ಪರಿಚಿತರಾಗಿರಬೇಕು. ಇಪ್ಪತ್ತಕ್ಕೊಂದು ಹೊಸ ಪದವಿದ್ದರೆ ತಿಣುಕಾಡಿಕೊಂಡು ಓದಬಹುದು. ಐವತ್ತಕ್ಕೊಂದು, ಅಂದರೆ 98 ಶೇಕಡಾ ಗೊತ್ತಿದ್ದರೆ ಓದು ಸರಾಗ ಎಂಬುದು ಸಂಶೋಧಕರು ಇಂದು ಇಟ್ಟುಕೊಂಡಿರುವ ಗುರುತು.

ಈ ‘ಐವತ್ತಕ್ಕೊಂದು’ ಎಂಬ ಅಂದಾಜಿನ ಬೇರು ನಮ್ಮ ಉಪಖಂಡದಲ್ಲೇ ಇದೆ. ಬ್ರಿಟಿಷ್ ಕಾಲದಲ್ಲಿ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್, ಬಂಗಾಳಿ ಹುಡುಗರು ವರ್ಷಗಟ್ಟಲೆ ಇಂಗ್ಲಿಷ್ ಕಲಿತರೂ ಓದಲು ಬಾರದ್ದನ್ನು ಗಮನಿಸಿದರು. ಅವರಿಗೆ ತಪ್ಪು ಕಂಡದ್ದು ಹುಡುಗರಲ್ಲಲ್ಲ, ರೀಡರುಗಳಲ್ಲಿ. ಬಳಕೆ ತಪ್ಪಿದ ಗ್ರಾಂಥಿಕ ಪದಗಳು ಸಾಲುಸಾಲಾಗಿ ಬರುತ್ತಿದ್ದವು. ವೆಸ್ಟ್ ಅವುಗಳ ಜಾಗದಲ್ಲಿ ದಿನಬಳಕೆಯ ಪದ ಹಾಕಿ, ಹೊಸ ಪದಗಳ ನಡುವೆ ಅಂತರ ಬಿಟ್ಟು ಪಾಠಗಳನ್ನು ಬರೆಸಿದರು. 1926ರಲ್ಲಿ ಅವರ ಬಂಗಾಳದ ಅಧ್ಯಯನ ಪ್ರಕಟವಾಯಿತು. ಸುಮಾರು ಎರಡು ಸಾವಿರ ಅಗತ್ಯ ಪದಗಳ ಅವರ ‘ಜನರಲ್ ಸರ್ವಿಸ್ ಲಿಸ್ಟ್’ 1953ರಲ್ಲಿ ಹೊರಬಂತು. ಇಂದು ಪ್ರಪಂಚದಾದ್ಯಂತ ಮಾರಾಟವಾಗುವ ‘ಗ್ರೇಡೆಡ್ ರೀಡರ್’ಗಳು, ಅಂದರೆ ಪದಗಳ ಮಿತಿ ಹಾಕಿಕೊಂಡು ಬರೆದ ಕಥೆಪುಸ್ತಕಗಳು, ಆ ದಾರಿಯಲ್ಲೇ ನಡೆದು ಬಂದವು.

ಪದದ ಒಡನಾಡಿಗಳು

ಕನ್ನಡದಲ್ಲಿ ನೀರನ್ನೂ ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ. ಕನ್ನಡ ಕಲಿಯುವ ಹೊರಗಿನವರಿಗೆ ‘ಸೇದು’ ಪದಕ್ಕೆ ಒಂದೇ ಅರ್ಥ ಹೇಳಿಕೊಟ್ಟರೆ ಬಾವಿಕಟ್ಟೆಯಲ್ಲಿ ಹೊಗೆ ಹುಡುಕಿಯಾರು. ಇಂಗ್ಲಿಷಿನಲ್ಲೂ ಹೀಗೆಯೇ. ಮಳೆ ‘ಹೆವಿ’, ಕಾಫಿ ‘ಸ್ಟ್ರಾಂಗ್’. ನಿರ್ಧಾರವನ್ನು ‘ಮೇಕ್’ ಮಾಡುತ್ತಾರೆ, ಪರೀಕ್ಷೆಯನ್ನು ‘ಟೇಕ್’ ಮಾಡುತ್ತಾರೆ. ‘ಪುಟ್ ಆಫ್’ ಎಂದರೆ ಮುಂದೂಡುವುದು, ‘ಪುಟ್ ಔಟ್’ ಎಂದರೆ ಬೆಂಕಿ ಆರಿಸುವುದು, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳುವುದು. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಒಂಟಿ ಪದ ಬರೆಯಬೇಡಿ. ಅದು ಕಂಡ ಇಡೀ ವಾಕ್ಯವನ್ನೇ ಬರೆದುಕೊಳ್ಳಿ.

ಕನ್ನಡಕ್ಕೆ ಬಂದು ನೆಲೆಸಿದ ಇಂಗ್ಲಿಷ್ ಪದಗಳು ನಮಗೆ ಆಸ್ತಿಯೇ ಸರಿ, ಆದರೆ ಕೆಲವು ಬಂದಮೇಲೆ ಬುದ್ಧಿ ಬದಲಿಸಿವೆ. ನಮ್ಮ ‘ಹೋಟೆಲ್’ನಲ್ಲಿ ಇಡ್ಲಿ ಸಿಗುತ್ತದೆ, ಅಲ್ಲಿನದರಲ್ಲಿ ಮುಖ್ಯವಾಗಿ ರೂಮು. ನಮಗೆ ‘ಫೀಲ್ ಆಯ್ತು’ ಎಂದರೆ ಬೇಜಾರಾಯಿತು. ಇಂಗ್ಲಿಷಿನಲ್ಲಿ ಏನು ಫೀಲ್ ಆಯಿತೆಂದು ಹೇಳಲೇಬೇಕು. ‘ಕರೆಂಟು’ ನಮಗೆ ವಿದ್ಯುತ್ ಮಾತ್ರ. ಇಂಗ್ಲಿಷಿನಲ್ಲಿ ಅದು ನದಿಯ ಸೆಳವೂ ಹೌದು, ‘ಈಗಿನ’ ಎಂಬ ಗುಣವಾಚಕವೂ ಹೌದು.

ಪದವನ್ನು ಬಿಡಿಸಿ ನೋಡುವುದು ಇನ್ನೊಂದು ಉಪಾಯ. ಇದು ನಮಗೆ ಹೊಸದಲ್ಲ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂದು ಉಪಸರ್ಗ ಬದಲಾದಂತೆ ಅರ್ಥ ಬದಲಾಗುವ ಆಟವನ್ನು ವ್ಯಾಕರಣದ ತರಗತಿಯಲ್ಲೇ ಆಡಿದ್ದೇವೆ. ‘ಪೋರ್ಟ್’ ಎಂಬ ಲ್ಯಾಟಿನ್ ಮೂಲಕ್ಕೆ ಹೊರುವುದು, ಸಾಗಿಸುವುದು ಎಂಬ ಅರ್ಥ. ಒಳಕ್ಕೆ ತಂದರೆ ಇಂಪೋರ್ಟ್, ಹೊರಕ್ಕೆ ಕಳಿಸಿದರೆ ಎಕ್ಸ್‌ಪೋರ್ಟ್, ಆಚೆ ಮುಟ್ಟಿಸಿದರೆ ಟ್ರಾನ್ಸ್‌ಪೋರ್ಟ್. ಅನ್, ರಿ, ಇನ್, ಡಿಸ್ ಎಂಬ ನಾಲ್ಕು ಪೂರ್ವಪ್ರತ್ಯಯ ಬಲ್ಲವರಿಗೆ ನೂರಾರು ಪದಗಳ ಬೀಗ ತೆರೆಯುತ್ತದೆ. ಆದರೂ ಬಿಡಿಸಿದ್ದನ್ನು ಸಂದರ್ಭಕ್ಕೆ ಹಚ್ಚಿ ನೋಡಬೇಕು. ‘ಇನ್‌ವ್ಯಾಲ್ಯುಬಲ್’ ಎಂದರೆ ಬೆಲೆಯಿಲ್ಲದ್ದು ಎಂದುಕೊಂಡರೆ ಕೆಟ್ಟಿರಿ. ಅದು ಬೆಲೆ ಕಟ್ಟಲಾಗದ್ದು. ನಮ್ಮ ‘ಅಮೂಲ್ಯ’ವೂ ಅದೇ ದಾರಿಯಲ್ಲಿ ಬಂದದ್ದಲ್ಲವೇ?

ತಲೆಕೆಳಗಾದ ವಾಕ್ಯ

ಪದಗಳೆಲ್ಲ ಗೊತ್ತಿದ್ದೂ ವಾಕ್ಯ ಜಾರುವುದಕ್ಕೆ ಕನ್ನಡಿಗರ ಮಟ್ಟಿಗೆ ಒಂದು ವಿಶೇಷ ಕಾರಣವಿದೆ. ಈ ವಾಕ್ಯ ನೋಡಿ: ‘ದ ಬಾಯ್ ಹೂ ಸ್ಟೋಲ್ ದ ಮ್ಯಾಂಗೋಸ್ ದಟ್ ಮೈ ಅಂಕಲ್ ಬಾಟ್ ಹ್ಯಾಸ್ ರನ್ ಅವೇ.’ ಕನ್ನಡದಲ್ಲಿ: ‘ನಮ್ಮ ಮಾವ ಕೊಂಡ ಮಾವಿನಹಣ್ಣು ಕದ್ದ ಹುಡುಗ ಓಡಿಹೋಗಿದ್ದಾನೆ.’

ಇಂಗ್ಲಿಷಿನ ಕ್ರಮ ಹುಡುಗ, ಕದ್ದದ್ದು, ಹಣ್ಣು, ಮಾವ. ಕನ್ನಡದ್ದು ಮಾವ, ಹಣ್ಣು, ಕದ್ದದ್ದು, ಹುಡುಗ. ಕೊನೆಯ ‘ಓಡಿಹೋದ’ ಬಿಟ್ಟರೆ ಉಳಿದದ್ದೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಕನ್ನಡ ವಿವರವನ್ನು ಮೊದಲು ಹೇಳಿ ವ್ಯಕ್ತಿಯನ್ನು ಆಮೇಲೆ ತರುತ್ತದೆ; ಇಂಗ್ಲಿಷ್ ವ್ಯಕ್ತಿಯನ್ನು ನಿಲ್ಲಿಸಿ ವಿವರವನ್ನು ಹಿಂದಿನಿಂದ ಪೋಣಿಸುತ್ತದೆ. ಪದಕ್ಕೆ ಪದ ಕನ್ನಡ ಮಾಡಿಕೊಂಡು ಓದುವವರು ಮಧ್ಯದಲ್ಲಿ ಸಿಕ್ಕಿಬಿದ್ದು, ಓಡಿಹೋದದ್ದು ಮಾವನೇ ಎಂದುಕೊಳ್ಳುತ್ತಾರೆ.

ಇದಕ್ಕೆ ಪೆನ್ಸಿಲ್ ಮದ್ದು. ಹೂ, ವಿಚ್, ದಟ್‌ಗಳಿಂದ ಶುರುವಾಗುವ ತುಂಡಿಗೆ ಕಂಸ ಹಾಕಿ. ಕಂಸದ ಹೊರಗೆ ಉಳಿದ ಕ್ರಿಯಾಪದ ಹುಡುಕಿ, ‘ಯಾರು?’ ಎಂದು ಕೇಳಿ. ಉಳಿಯುವುದು ‘ದ ಬಾಯ್ ಹ್ಯಾಸ್ ರನ್ ಅವೇ’ ಮಾತ್ರ. ವಾಕ್ಯದ ಬೆನ್ನೆಲುಬು ಕಂಡಮೇಲೆ ಕಂಸದೊಳಗಿನದನ್ನು ಒಂದೊಂದಾಗಿ ಸೇರಿಸಿಕೊಳ್ಳಿ. ಒಂದೆರಡು ತಿಂಗಳು ಹೀಗೆ ಮಾಡಿದರೆ ಕಣ್ಣೇ ಕಂಸ ಹಾಕಲು ಕಲಿಯುತ್ತದೆ.

ಪರೀಕ್ಷೆಯಲ್ಲಿ ಅಂಕ ಕದಿಯುವವು ದೊಡ್ಡ ಪದಗಳಿಗಿಂತ ಪುಟ್ಟ ಪದಗಳೇ. ‘ಅನ್‌ಲೆಸ್ ಇಟ್ ರೇನ್ಸ್’ ಎಂದರೆ ಮಳೆ ಬಂದರೆ ಅಲ್ಲ, ಬಾರದಿದ್ದರೆ. ‘ಹೀ ವರ್ಕ್ಸ್ ಹಾರ್ಡ್’ ಎಂದರೆ ದುಡಿಮೆಗಾರ. ‘ಹೀ ಹಾರ್ಡ್‌ಲಿ ವರ್ಕ್ಸ್’ ಎಂದರೆ ಮೈಗಳ್ಳ. ‘ಎ ಫ್ಯೂ’ ಎಂದರೆ ಕೆಲವರಿದ್ದಾರೆ ಎಂಬ ಸಮಾಧಾನ, ಬರೀ ‘ಫ್ಯೂ’ ಎಂದರೆ ಹೆಚ್ಚು ಜನವಿಲ್ಲ ಎಂಬ ಕೊರಗು.

ಮರೆವಿನ ಜೊತೆ ಒಪ್ಪಂದ

ಕಲಿತದ್ದು ಮರೆಯುವುದು ಸಹಜ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಕಂಠಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತೆನೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಗಂಟೆಗಳಲ್ಲೇ ವೇಗವಾಗಿರುತ್ತದೆ. ಒಂದೇ ಕೂತಲ್ಲಿ ಹತ್ತು ಸಲ ಓದುವುದಕ್ಕಿಂತ ದಿನ ಬಿಟ್ಟು ದಿನ ನೆನಪಿಸಿಕೊಳ್ಳುವುದು ಮೇಲು. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ ಇದನ್ನು ಒಂದು ಪೆಟ್ಟಿಗೆಗೆ ಇಳಿಸಿದರು. ನೀವೂ ಖಾಲಿ ಚಪ್ಪಲಿ ಡಬ್ಬಿಯಲ್ಲಿ ಐದು ಮನೆ ಮಾಡಿಕೊಳ್ಳಬಹುದು. ಚೀಟಿಯ ಒಂದು ಕಡೆ ಪದವಿರುವ ವಾಕ್ಯ, ಇನ್ನೊಂದು ಕಡೆ ಅರ್ಥ. ನೆನಪಾದರೆ ಚೀಟಿ ಮುಂದಿನ ಮನೆಗೆ, ಮರೆತರೆ ಮತ್ತೆ ಮೊದಲನೆಯದಕ್ಕೆ. ಮೊದಲ ಮನೆ ದಿನಾ ನೋಡಿ. ಹಿಂದಿನ ಮನೆಗಳನ್ನು ವಾರಕ್ಕೆ, ತಿಂಗಳಿಗೆ ಒಮ್ಮೆ ತೆರೆದರೆ ಸಾಕು. ದಿನಕ್ಕೆ ಮೂರೇ ಚೀಟಿ ಬರೆದರೂ ವರ್ಷಕ್ಕೆ ಸಾವಿರ ದಾಟುತ್ತದೆ.

ಏನು ಓದುವುದು?

ವಿಷಯ ಮೊದಲೇ ಗೊತ್ತಿರುವುದನ್ನು ಓದಿ. ಕಥೆ ಗೊತ್ತಿದ್ದರೆ ಗೊತ್ತಿಲ್ಲದ ಪದವೂ ಕೈಗೆ ಸಿಗುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತವೆ, ಅದೂ ಉಚಿತವಾಗಿ, ಓದಿನ ಹಂತಗಳಾಗಿ ವಿಂಗಡಿಸಿ. ಮಕ್ಕಳ ಕಥೆಯೆಂದು ನಾಚಬೇಕಿಲ್ಲ. ನಂತರ ಪತ್ರಿಕೆ: ಪ್ರಜಾವಾಣಿಯೂ ಡೆಕ್ಕನ್ ಹೆರಾಲ್ಡೂ 1948ರಲ್ಲಿ ಹುಟ್ಟಿದ ಒಂದೇ ಮನೆಯ ಪತ್ರಿಕೆಗಳು. ಪ್ರಜಾವಾಣಿಯಲ್ಲಿ ಒಂದು ಸುದ್ದಿ ಓದಿ, ಅದೇ ಸುದ್ದಿಯನ್ನು ಹೆರಾಲ್ಡಿನಲ್ಲಿ ಹುಡುಕಿ ಓದಿ. ‘ಆರೋಪ ತಳ್ಳಿಹಾಕಿದ ಸಚಿವ’ ಎಂದು ಇಲ್ಲಿ ಕಂಡವರಿಗೆ ಅಲ್ಲಿಯ ‘ಡಿಸ್‌ಮಿಸ್ಡ್ ದ ಚಾರ್ಜ್’ ಮೋಸ ಮಾಡುವುದಿಲ್ಲ. ಇನ್ನೂ ಮುಂದೆ ಹೋಗುವವರಿಗೆ ಆರ್.ಕೆ. ನಾರಾಯಣ್ ಇದ್ದಾರೆ. ಮೈಸೂರಿನಲ್ಲಿ ಬಾಳಿದ ಅವರ ಮಾಲ್ಗುಡಿಯನ್ನು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ಧಾರಾವಾಹಿಯಲ್ಲಿ ಕಂಡವರಿಗೆ ಆ ಬೀದಿ, ಆ ಮೇಷ್ಟ್ರು ಹೊಸಬರಲ್ಲ. ವಾಕ್ಯಗಳೂ ಚಿಕ್ಕವು.

ಪುಸ್ತಕ ಆರಿಸುವಾಗ ನಡುವಿನ ಒಂದು ಪುಟ ತೆರೆದು ಓದಿ, ಗೊತ್ತಿಲ್ಲದ ಪ್ರತಿ ಪದದ ಕೆಳಗೆ ಪೆನ್ಸಿಲಿನಿಂದ ಚುಕ್ಕೆ ಇಡಿ. ಮುನ್ನೂರು ಪದಗಳ ಪುಟದಲ್ಲಿ ಆರು ಚುಕ್ಕೆಯೊಳಗಿದ್ದರೆ ಆ ಪುಸ್ತಕ ಈಗಲೇ ನಿಮ್ಮದು. ಹದಿನೈದರವರೆಗಿದ್ದರೆ ಪಕ್ಕದಲ್ಲಿ ನಿಘಂಟು ಇಟ್ಟುಕೊಳ್ಳಿ. ಅದಕ್ಕೂ ಹೆಚ್ಚಿದ್ದರೆ ಮುಚ್ಚಿ, ಒಳರಟ್ಟಿನಲ್ಲಿ ಚುಕ್ಕೆಗಳ ಸಂಖ್ಯೆಯನ್ನೂ ಅಂದಿನ ತಾರೀಖನ್ನೂ ಬರೆದು ಕಪಾಟಿಗೆ ಸೇರಿಸಿ. ಆರು ತಿಂಗಳು ಸುಲಭದ್ದನ್ನೇ ಓದಿ, ಮತ್ತೆ ಅದೇ ಪುಟ ತೆಗೆಯಿರಿ. ಹಳೆಯ ಚುಕ್ಕೆಗಳಲ್ಲಿ ಎಷ್ಟನ್ನು ಅಳಿಸಬಹುದೋ ಅಳಿಸಿ. ಕಲಿತದ್ದೆಷ್ಟೆಂದು ರಬ್ಬರೇ ಹೇಳುತ್ತದೆ.