ಬೆನ್ನ ಹಿಂದಿನ ದಾರಿ ಕಾಣಿಸುವ ಕಸುಬು

ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಬೆನ್ನ ಹಿಂದಿನ ಲಾರಿಗೆ ಮಾತ್ರ ಬೇಕೇ ಬೇಕು. ಹುಬ್ಬಳ್ಳಿ–ಧಾರವಾಡದ ಬೈಪಾಸ್‌ನಲ್ಲಿ ಹಳೆಯ ಬೈಕ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಬ್ಬೂರಿನಿಂದ ನರೇಂದ್ರದವರೆಗೆ ಬಹುಕಾಲ ಎರಡೇ ಪಥವಿದ್ದು, ಅಪಘಾತಗಳಿಗೇ ಹೆಸರಾದ ದಾರಿ ಅದು. ಅಲ್ಲಿ, ತಾರಿಹಾಳದ ಹತ್ತಿರ, ನನ್ನ ಹಳೆಯ ಯೆಜ್ಡಿಯ ಬಲಗನ್ನಡಿ ಮೆಲ್ಲಗೆ ತಲೆಬಾಗಿಸಿ ನನ್ನ ಮೊಣಕೈಯನ್ನೇ ತೋರಿಸತೊಡಗಿತು. ಹಿಂದಿನಿಂದ ಹಾರ್ನ್ ಕೇಳುತ್ತಿತ್ತು. ಗಾಡಿ ಎಷ್ಟು ದೂರದಲ್ಲಿದೆ ಎಂಬುದು ತಿಳಿಯುತ್ತಿರಲಿಲ್ಲ.

ಪಕ್ಕಕ್ಕೆ ಇಳಿಸಿ ಗ್ಯಾರೇಜಿಗೆ ತಂದರೆ ಮಿಸ್ತ್ರಿ ಪಾನಾ ಮುಟ್ಟಲೇ ಇಲ್ಲ. ಎಂಜಿನ್ ಚಾಲೂ ಮಾಡಿ ಹ್ಯಾಂಡಲ್ ಮೇಲೆ ಅಂಗೈ ಇಟ್ಟು ನಿಂತ. “ಸಡ್ಲ ಯಾಕ ಆತು ಅನ್ನೂದು ಮೊದ್ಲ ನೋಡೂಣ್ರೀ. ಬಿಗಿಯೂದೇನು, ಎರಡು ನಿಮಿಷದ ಕೆಲಸ” ಎಂದ. ಕನ್ನಡಿ ರಿಪೇರಿಯ ಕಸುಬಿನ ಪಾಠವೆಲ್ಲ ಆ ಮಾತಿನಲ್ಲೇ ಇದೆ.

ಇಂಥ ಕಸುಬುದಾರರು ಇಲ್ಲಿ ಸಿಗುವುದು ಆಕಸ್ಮಿಕವಲ್ಲ. ತಾರಿಹಾಳ ಒಂದು ಕಾಲಕ್ಕೆ ಹುಬ್ಬಳ್ಳಿಯ ಅಂಚಿನ ಹಳ್ಳಿ. ಇಂದು ಆ ಹೆಸರು ಕೇಳಿದರೆ ನೆನಪಾಗುವುದು ಕೈಗಾರಿಕಾ ಪ್ರದೇಶ. ಲೋಹ ಕೊರೆಯುವ, ಥ್ರೆಡ್ ಹಾಕುವ ಕೈಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ಇದಕ್ಕೆ ಹಳೆಯ ಬೇರೂ ಇದೆ. ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಆರಂಭಿಸಿದ್ದು ಸೈಕಲ್ ಅಂಗಡಿ. ಅದೇ ಮನೆತನದ ಉದ್ಯಮ 1941ರಲ್ಲಿ ಹರಿಹರಕ್ಕೆ ಬಂದು ಲೇತ್ ತಯಾರಿಸಿತು. ಗಾಲಿ ರಿಪೇರಿಯಿಂದ ಯಂತ್ರ ತಯಾರಿಯವರೆಗಿನ ಆ ನಡಿಗೆಯನ್ನು ಉತ್ತರ ಕರ್ನಾಟಕ ಕಣ್ಣಾರೆ ಕಂಡಿದೆ.

ಕನ್ನಡಿ ಸಡಿಲಾಗುವುದಕ್ಕೆ ಮೂಲ ನಡುಕ. ಹಳೆಯ ಬುಲೆಟ್‌ಗಳಲ್ಲಿ, ಹೆಚ್ಚಿನ ಯೆಜ್ಡಿಗಳಲ್ಲಿ ಒಂದೇ ಸಿಲಿಂಡರ್. ಅದರೊಳಗಿನ ಪಿಸ್ಟನ್ನಿನ ಹೊಡೆತ ಚಾಸಿಯಿಂದ ಹ್ಯಾಂಡಲ್ಲಿಗೆ, ಹ್ಯಾಂಡಲ್ಲಿನಿಂದ ಕನ್ನಡಿಯ ಕಡ್ಡಿಗೆ ಏರುತ್ತದೆ. ಆದ್ದರಿಂದ ಬಲ್ಲ ಮಿಸ್ತ್ರಿ ಕೆಳಗಿನಿಂದ ಮೇಲಕ್ಕೆ ಹುಡುಕುತ್ತಾನೆ. ಎಂಜಿನ್ ಹಿಡಿದ ಬೋಲ್ಟು ಬಿಗಿಯಿದೆಯೇ? ಮುಂದಿನ ಚಕ್ರದ ಕಡ್ಡಿಗಳು ಸಮನಾಗಿವೆಯೇ? ಹ್ಯಾಂಡಲ್ ತಿರುಗುವ ಕೋನ್ ಸೆಟ್‌ನಲ್ಲಿ ಆಟವಿದೆಯೇ? ಹ್ಯಾಂಡಲ್ ಹಿಡಿದ ಕ್ಲಾಂಪ್ ಅಲುಗುತ್ತಿದೆಯೇ? ನನ್ನ ಗಾಡಿಯಲ್ಲಿ ಎಂಜಿನ್ನಿನ ಒಂದು ಬೋಲ್ಟು ಅರ್ಧ ಸುತ್ತು ಬಿಚ್ಚಿಕೊಂಡಿತ್ತು. ಕನ್ನಡಿ ಅದರ ಸುದ್ದಿ ತಂದಿತ್ತು, ಅಷ್ಟೇ.

ಮೂಲ ಸರಿಹೋದ ಮೇಲೆ ಕನ್ನಡಿಯ ಸರದಿ. ಬುಡದಲ್ಲಿ ಕಡ್ಡಿ ತಿರುಗುತ್ತಿದ್ದರೆ ಚೆಕ್ ನಟ್ ಬಿಗಿಯಬೇಕು. ಕಡ್ಡಿಯನ್ನು ಬೇಕಾದ ದಿಕ್ಕಿಗೆ ತಿರುಗಿಸಿ ಒಂದು ಕೈಯಲ್ಲಿ ಹಿಡಿದುಕೊಂಡೇ ನಟ್ ಎಳೆಯಬೇಕು. ಇಲ್ಲದಿದ್ದರೆ ಎರಡೂ ಒಟ್ಟಿಗೆ ಸುತ್ತುತ್ತವೆ. ತಲೆ ಬಾಗುತ್ತಿದ್ದರೆ ದೋಷ ಗುಂಡಿನ ಕೀಲಿನದು. ಕೀಲಿಗೆ ಸ್ಕ್ರೂ ಇದ್ದರೆ ಬಿಗಿದರೆ ಸಾಕು. ಇಲ್ಲದಿದ್ದರೆ ಬಿಚ್ಚಿ, ಎಣ್ಣೆ ಜಿಡ್ಡು ಒರೆಸಿ, ಸವೆದ ಗುಂಡಿಗೆ ಹಳೆಯ ಟ್ಯೂಬಿನ ತೆಳು ರಬ್ಬರು ಸುತ್ತಿ ಮತ್ತೆ ಕೂರಿಸುತ್ತಾರೆ.

ಕೈ ತಪ್ಪುವುದು ಹೆಚ್ಚಾಗಿ ಥ್ರೆಡ್ಡಿನಲ್ಲಿ. ಯಮಹಾ ಬೈಕುಗಳ ಬಲಗನ್ನಡಿಗೆ ಉಲ್ಟಾ ಥ್ರೆಡ್. ಅದರ ಹಿಂದೆ ಲೆಕ್ಕಾಚಾರವಿದೆ. ಎದುರಿನಿಂದ ಏನಾದರೂ ತಗುಲಿದರೆ ಬಲಗನ್ನಡಿ ಹಿಂದಕ್ಕೆ, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಸಾಮಾನ್ಯ ಥ್ರೆಡ್ ಇದ್ದರೆ ಇನ್ನೂ ಬಿಗಿದು ಬ್ರೇಕ್ ಹಿಡಿಕೆಯ ಬುಡವನ್ನೇ ಸೀಳಬಹುದು. ಉಲ್ಟಾ ಥ್ರೆಡ್ ಆ ಪೆಟ್ಟಿಗೆ ಬಿಚ್ಚಿಕೊಂಡು ಅದನ್ನು ಉಳಿಸುತ್ತದೆ. ಇದನ್ನು ತಿಳಿಯದೆ ಒತ್ತಿ ತಿರುಗಿಸಿದರೆ ಅಲ್ಯೂಮಿನಿಯಂ ಥ್ರೆಡ್ ಕೆಟ್ಟೇ ಹೋಗುತ್ತದೆ. ಹಿಂದೊಮ್ಮೆ ನನ್ನ ಕೈಯಿಂದಲೇ ಹಾಗಾಗಿತ್ತು. ಆಗ ಟ್ಯಾಪ್ ಹಾಕಿ ಥ್ರೆಡ್ ಸರಿಪಡಿಸಬೇಕು, ಅದಕ್ಕೂ ಬಗ್ಗದಿದ್ದರೆ ರಂಧ್ರ ದೊಡ್ಡದು ಮಾಡಿ ಒಳಗೆ ಹೊಸ ಥ್ರೆಡ್ಡಿನ ಬುಶ್ ಕೂರಿಸಬೇಕು. ಕಡ್ಡಿ ಮುರಿದು ಒಳಗೇ ಉಳಿದರೆ ನಟ್ಟನಡುವೆ ಸಣ್ಣ ತೂತು ಕೊರೆದು, ಅದಕ್ಕೆ ಥ್ರೆಡ್ಡಿನ ವಿರುದ್ಧ ದಿಕ್ಕಿನ ಹಲ್ಲಿನ ‘ಈಜಿ ಔಟ್’ ಇಳಿಸಿ, ತಾಳ್ಮೆಯಿಂದ ತಿರುಗಿಸಿ ತೆಗೆಯುತ್ತಾರೆ. ಕೊರೆತ ಕೂದಲೆಳೆ ಓರೆಯಾದರೂ ಬುಡದ ಲೋಹ ಹಾಳು.

ಗಾಜು ಒಡೆದರೆ ಮನೆಯ ಕನ್ನಡಿಯ ಚೂರು ಕತ್ತರಿಸಿ ಅಂಟಿಸುವವರಿದ್ದಾರೆ. ಅದು ಮೋಸದ ಉಳಿತಾಯ. ಬೈಕುಗಳಿಗೆ ಸಾಮಾನ್ಯವಾಗಿ ಉಬ್ಬುಗನ್ನಡಿ ಹಾಕಿರುತ್ತಾರೆ. ಅದು ಅಗಲವಾದ ನೋಟ ಕೊಡುತ್ತದೆ, ಬದಲಿಗೆ ಹಿಂದಿನ ಗಾಡಿಯನ್ನು ಚಿಕ್ಕದಾಗಿ, ದೂರದಲ್ಲಿರುವಂತೆ ತೋರಿಸುತ್ತದೆ. ಸಪಾಟು ಗಾಜು ದೂರವನ್ನು ಸರಿಯಾಗಿ ತೋರಿಸಿದರೂ ನೋಟವನ್ನು ಇಕ್ಕಟ್ಟಾಗಿಸುತ್ತದೆ. ಎಡಕ್ಕೊಂದು ಬಲಕ್ಕೊಂದು ಬಗೆಯ ಗಾಜಿದ್ದರೆ ಕಣ್ಣಿನ ಅಂದಾಜು ತಪ್ಪುತ್ತದೆ. ಹಾಗಾಗಿ ಎರಡೂ ಬದಿಗೆ ಒಂದೇ ಉಬ್ಬಿನ ಗಾಜು ಇರಬೇಕು. ಅಂಟಿನಲ್ಲೂ ಎಚ್ಚರ ಬೇಕು. ವಿನೆಗರಿನಂತೆ ಹುಳಿ ವಾಸನೆ ಬರುವ ಸಿಲಿಕೋನ್ ಗಾಜಿನ ಹಿಂದಿನ ಬೆಳ್ಳಿಲೇಪವನ್ನು ತಿಂದು ಕಪ್ಪು ಕಲೆ ಮಾಡಬಹುದು. ಆ ವಾಸನೆಯಿಲ್ಲದ ಬಗೆಯದನ್ನೇ ಕೇಳಿ ತರಬೇಕು.

ಎಲ್ಲವೂ ಬಿಗಿಯಿದ್ದರೂ ಒಂದು ವೇಗದಲ್ಲಿ ಮಾತ್ರ ಕನ್ನಡಿಯ ಚಿತ್ರ ಕಲಸಿಹೋಗುವುದುಂಟು. ಎಂಜಿನ್ನಿನ ಮಿಡಿತಕ್ಕೂ ಕಡ್ಡಿಯ ಸಹಜ ಕಂಪನಕ್ಕೂ ತಾಳ ಕೂಡಿದಾಗ ಹಾಗಾಗುತ್ತದೆ. ಕನ್ನಡಿಯ ತಲೆಗೆ ತುಸು ತೂಕ ಸೇರಿಸಿದರೆ ಇಲ್ಲವೇ ಕಡ್ಡಿಯನ್ನು ಗಿಡ್ಡ ಮಾಡಿದರೆ ಆ ತಾಳ ತಪ್ಪುತ್ತದೆ. ಇದು ಮೊದಲಿನಿಂದಲೂ ಇರುವ ಕಾಟ. 1911ರಲ್ಲಿ ಅಮೆರಿಕದ ಮೊದಲ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಉಳಿದವರು ಹಿಂದೆ ನೋಡಲೆಂದು ಪಕ್ಕದಲ್ಲೊಬ್ಬ ಮೆಕ್ಯಾನಿಕ್ಕನ್ನು ಕೂರಿಸಿಕೊಂಡಿದ್ದರು. ರೇ ಹ್ಯಾರೂನ್ ಒಬ್ಬರೇ ಕುಳಿತು, ಕಾರಿಗೆ ಕನ್ನಡಿ ಕಟ್ಟಿಕೊಂಡು ಗೆದ್ದರು. ಇಟ್ಟಿಗೆ ಹಾಸಿದ ಆ ದಾರಿಯ ಕುಲುಕಾಟಕ್ಕೆ ಕನ್ನಡಿಯಲ್ಲಿ ಏನೂ ಕಾಣುತ್ತಿರಲಿಲ್ಲವೆಂದು ಮುಂದೆ ಅವರೇ ಒಪ್ಪಿಕೊಂಡರು.

ಹೊಸ ಕನ್ನಡಿ ಜೋಡಿ ಅಗ್ಗಕ್ಕೆ ಸಿಗುವಾಗ ಇಷ್ಟು ಪಾಡೇಕೆ ಎಂದು ಕೇಳಬಹುದು. ಮಾತು ಕನ್ನಡಿಯೊಂದರದಲ್ಲ, ಇಡೀ ಗಾಡಿಯದು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. 1978ರಿಂದ ಅಲ್ಲಿಂದ ಹೊರಬಂದ ಯೆಜ್ಡಿ ರೋಡ್‌ಕಿಂಗ್ ಇಂದಿಗೂ ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುತ್ತದೆ. ಯೆಜ್ಡಿ ಹೆಸರು 2022ರಲ್ಲಿ ಹೊಸ ಬೈಕಿನ ಮೇಲೆ ಮರಳಿ ಬಂದರೂ ಹಳೆಯ ಗಾಡಿಗೆ ಅದರಿಂದ ಬಿಡಿಭಾಗ ಸಿಕ್ಕಂತಾಗಲಿಲ್ಲ. ಅದನ್ನು ದಾರಿಯ ಮೇಲೆ ಉಳಿಸಿರುವುದು ಇಂಥ ಕೈಗಳೇ. ಅಲುಗುವುದನ್ನು ಕಿತ್ತೆಸೆಯುವ ಮೊದಲು ಅದು ಏಕೆ ಅಲುಗಿತು ಎಂದು ಕೇಳುವ ಬುದ್ಧಿ ಈ ಕಸುಬಿನ ಬಂಡವಾಳ. ಅದು ಉಳಿಯಬೇಕು.

ಕೊನೆಗೆ ಮಿಸ್ತ್ರಿ ನನ್ನನ್ನು ಸ್ಟ್ಯಾಂಡ್ ಇಳಿಸಿದ ಗಾಡಿಯ ಮೇಲೆ ಕೂರಿಸಿ, ತಾನು ಹಿಂದೆ ಹೋಗಿ ನಿಂತ. “ಕಾಣ್ತೇನ್ರೀ?” ಕಾಣುತ್ತಿದ್ದ. ಬಲಕ್ಕೆ ಒಂದೊಂದೇ ಹೆಜ್ಜೆ ಸರಿಯುತ್ತ ನನ್ನ ಹತ್ತಿರ ಬಂದ. ಭುಜದ ಸನಿಹಕ್ಕೆ ಬಂದಾಗ ಕನ್ನಡಿಯಿಂದ ಮಾಯವಾದ.

“ಈಗ?”

“ಇಲ್ಲ.”

“ಹಂಗಾರ ಇಲ್ಲಿಗೆ ಕುತ್ತಿಗಿ ತಿರುಗಿಸ್ರಿ” ಎಂದು ಪಾನಾ ಒರೆಸಿಕೊಂಡು ಒಳಗೆ ಹೋದ.